ಮೊದಲ ನೆರೆಯವನು

ಕಿಟಕಿಯ ಅಗಲವನ್ನು ಎವರ್ಟ್ ಮೂರನೆಯ ಸಲ ಅಳೆದ. ನೂರ ನಲವತ್ತೆರಡು. ಟೇಪು ಸುತ್ತಿ ಜೇಬಿಗೆ ಹಾಕುವಷ್ಟರಲ್ಲಿ ಅದು ನೂರ ಇಪ್ಪತ್ತನಾಲ್ಕಿದ್ದಿರಬಹುದೇ ಎಂದು ಅನುಮಾನವಾಯಿತು. ಬರೆದುಕೋ ಎಂದು ಹಾನೆಕೆ ಪುಟ್ಟ ಪುಸ್ತಕವನ್ನೂ ಪೆನ್ಸಿಲನ್ನೂ ಕೊಟ್ಟು ಕಳಿಸಿದ್ದಳು. ಪುಸ್ತಕವಿತ್ತು, ಪೆನ್ಸಿಲು ರಾಟರ್‌ಡ್ಯಾಮಿನಿಂದ ಇಲ್ಲಿಯವರೆಗಿನ ಮೂರು ರೈಲುಗಳಲ್ಲಿ ಯಾವುದರಲ್ಲೋ ಉಳಿದುಹೋಗಿತ್ತು. ಖಾಲಿ ಮನೆಯಲ್ಲಿ ಪೆನ್ಸಿಲು ಹುಡುಕುವುದು ಹುಚ್ಚುತನವೆಂದು ಗೊತ್ತಿದ್ದೂ ಅಡುಗೆಮನೆಯ ಗೂಡುಗಳಲ್ಲಿ ಕೈಯಾಡಿಸಿದ. ಧೂಳು, ಒಂದು ಹೇರ್‌ಪಿನ್ನು, ಇಲಿ ಕಡಿದ ಮೇಣದಬತ್ತಿ. ಈ ಮನೆಯ ಹಳೆಯ ಒಡೆಯ ಕೋಲ್ಥೋಫ್ ಸತ್ತು ಒಂದು ವರ್ಷವಾಗಿತ್ತು. ಎಲ್ಲೋ ಇದ್ದ ಅವನ ಅಣ್ಣನ ಮಗಳು ಮಾರಾಟಕ್ಕಿಟ್ಟಿದ್ದಳು. ಇವತ್ತು ಸಂಜೆ ನಾಲ್ಕೂವರೆಗೆ ಊರಿನ ನೋಟರಿಯ ಮುಂದೆ ಸಹಿ ಹಾಕಿದರೆ ಗೂಡುಗಳೂ ಧೂಳೂ ಎವರ್ಟನವು. ಹಾನೆಕೆ ಅರ್ಧ ದಿನ ರಜೆ ಹಾಕಿ ನೇರವಾಗಿ ನೋಟರಿಯ ಹತ್ತಿರವೇ ಬರುತ್ತೇನೆಂದಿದ್ದಳು. ಅಷ್ಟರೊಳಗೆ ಕಿಟಕಿಗಳನ್ನು ಅಳೆದಿಡುವುದು, ಪಕ್ಕದವರನ್ನು ಹೋಗಿ ಮಾತಾಡಿಸುವುದು, ಇವೆರಡೇ ಅವನ ಪಾಲಿನ ಕೆಲಸ. ಮೊದಲನೆಯದೇ ಆಗಿರಲಿಲ್ಲ. ಎಷ್ಟು ಸದ್ದಿಲ್ಲದ ಊರು ಇದು ಎಂದುಕೊಂಡ. ಹೋದ ತಿಂಗಳು ಮನೆ ನೋಡಲು ಬಂದಾಗ ಹಾನೆಕೆ ಇದೇ ಕಿಟಕಿಯ ಹತ್ತಿರ ಕಣ್ಣು ಮುಚ್ಚಿ ನಿಂತು, "ಕೇಳಿಸ್ಕೋ, ಏನೂ ಕೇಳಿಸ್ತಾ ಇಲ್ಲ," ಎಂದಿದ್ದಳು. ಅವನಿಗೆ ಅವತ್ತೂ ಕೇಳಿಸಿತ್ತು, ಇವತ್ತೂ ಕೇಳಿಸುತ್ತಿತ್ತು. ಮೂರು ಸಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ.

ರಾಟರ್‌ಡ್ಯಾಮಿನ ಅವರ ಫ್ಲಾಟು ನಾಲ್ಕನೆಯ ಮಹಡಿಯಲ್ಲಿ. ಮಲಗುವ ಕೋಣೆಯ ಗೋಡೆಯ ಆಚೆಗೆ ಮುದುಕ ಕ್ವಾಸ್ಟ್. ಆರು ವರ್ಷದಲ್ಲಿ ಲಿಫ್ಟಿನಲ್ಲಿ ಸಿಕ್ಕಾಗ "ಗಾಳಿ ಜೋರು" ಎಂದೋ "ಗಾಳಿ ಇಲ್ಲ" ಎಂದೋ ಹೇಳಿದ್ದು ಬಿಟ್ಟರೆ ಬೇರೆ ಮಾತಿಲ್ಲ. ಆ ಭಾನುವಾರ ಹಾನೆಕೆ ಅಕ್ಕನ ಮನೆಗೆ ಹೋಗಿದ್ದಳು. ಎವರ್ಟ್ ಹಾಸಿಗೆಯ ಮೇಲೆ ಕಾಲು ಚಾಚಿ ರೇಡಿಯೋದಲ್ಲಿ ಫುಟ್‌ಬಾಲ್ ಕೇಳುತ್ತಿದ್ದ. ಗೋಡೆ ಬಡಿದ ಸದ್ದಾಯಿತು. ಮೂರು ಸಲ, ಮತ್ತೆ ಮೂರು ಸಲ. ರೇಡಿಯೋ ಸದ್ದು ಹೆಚ್ಚಾಯಿತೆಂದು ಮುದುಕ ತಕರಾರು ತೆಗೆಯುತ್ತಿದ್ದಾನೆ ಎನ್ನಿಸಿ ಮೈ ಉರಿಯಿತು. ವಾರವೆಲ್ಲ ಟ್ರಾಮ್ ಕಚೇರಿಯಲ್ಲಿ ಕೂತು ವೇಳಾಪಟ್ಟಿ ತಿದ್ದುವವನು ಒಂದು ಭಾನುವಾರ ತನ್ನ ಮನೆಯಲ್ಲಿ ತನ್ನ ರೇಡಿಯೋ ಕೇಳಬಾರದೇ? ಎದ್ದು ಸದ್ದನ್ನು ಇನ್ನಷ್ಟು ಜೋರು ಮಾಡಿದ. ಸ್ವಲ್ಪ ಹೊತ್ತು ಬಡಿತ ನಡೆಯಿತು, ಆಮೇಲೆ ನಿಂತಿತು. ನಿಂತಾಗ ಗೆದ್ದೆ ಎಂದುಕೊಂಡದ್ದು ಈಗಲೂ ಸ್ಪಷ್ಟವಾಗಿ ನೆನಪಿದೆ. ಒಂಬತ್ತು ದಿನದ ಮೇಲೆ ವರಾಂಡದಲ್ಲಿ ವಾಸನೆ ಬಂದು ಬೀಗ ಒಡೆದಾಗ ಕ್ವಾಸ್ಟ್ ಗೋಡೆಗೆ ಒರಗಿ ಬಿದ್ದಿದ್ದನಂತೆ, ಕೈಯಲ್ಲಿ ಒಂದು ಚಪ್ಪಲಿ ಇತ್ತಂತೆ. ಮೀಸೆ ಇನ್ನೂ ಸರಿಯಾಗಿ ಮೂಡದ ಪೋಲೀಸಿನವನೊಬ್ಬ ಬಾಗಿಲಿಗೆ ಬಂದು, "ನಿಮಗೇನಾದ್ರೂ ಕೇಳಿಸಿತ್ತಾ ಸಾರ್?" ಎಂದ. "ಇಲ್ಲವಲ್ಲ," ಎಂದ ಎವರ್ಟ್. ನಾಲಗೆ ಒಂದಿಷ್ಟೂ ತಡವರಿಸಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಹಾನೆಕೆ ಗುರುತಿಲ್ಲದ ಮುದುಕನಿಗಾಗಿ ಅತ್ತಳು. ಒಬ್ಬರಿಗೊಬ್ಬರು ಗೊತ್ತಿರುವ ಕಡೆಗೆ ಹೋಗಿಬಿಡೋಣ, ಇಲ್ಲಿ ಸತ್ತರೆ ವಾಸನೆ ಬರುವ ತನಕ ಯಾರೂ ಕೇಳುವುದಿಲ್ಲ ಎಂದಳು. ಹೋಗೋಣ ಎಂದು ಅವನೂ ತಲೆಯಾಡಿಸಿದ. ಈ ಮನೆ ಬಂದದ್ದು ಹೀಗೆ, ಆ ಒಂದು ಇಲ್ಲವಲ್ಲ ಎಂಬ ಮಾತಿನಿಂದ. ಇಲ್ಲಿ ಬೇರೆ ಮನುಷ್ಯನಾಗುತ್ತೇನೆ, ಯಾರು ಕರೆದರೂ ಎದ್ದು ಹೋಗುವವನಾಗುತ್ತೇನೆ ಎಂದು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೋ. ಅದೊಂದು ಬಿಟ್ಟರೆ ಈ ಮನೆಯಿಂದ ಅವನಿಗೆ ಬೇರೆ ಏನೂ ಬೇಕಿರಲಿಲ್ಲ.

ಹಾಗಾದರೆ ಮೊದಲು ಪಕ್ಕದವರನ್ನೇ ಮಾತಾಡಿಸಿ ಬರೋಣ, ಕಿಟಕಿ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಕೋಟು ಹಾಕಿಕೊಂಡ. ನೋಟರಿಯ ಮುಂದೆ ಕೂರುವ ದಿನವೆಂದು ಕಪ್ಪು ಕೋಟು ತೊಟ್ಟು, ಕಪ್ಪು ಹ್ಯಾಟು ಇಟ್ಟು, ಕಾಗದಪತ್ರದ ಚರ್ಮದ ಚೀಲ ಹಿಡಿದು ಬಂದಿದ್ದ. ಚೀಲವನ್ನು ಖಾಲಿ ಮನೆಯಲ್ಲಿ ಬಿಟ್ಟು ಹೋಗಲು ಧೈರ್ಯವಾಗದೆ ಅದನ್ನೂ ಎತ್ತಿಕೊಂಡ. ಹತ್ತಿರದ ಮನೆಯೆಂದರೆ ರಸ್ತೆಯ ಆಚೆ ಬದಿಯ ತಗ್ಗು ಮಾಡಿನ ಉದ್ದನೆಯ ಮನೆ, ಎದುರಿಗೆ ಕಬ್ಬಿಣದ ಗೇಟು. ಗೇಟಿನ ಚಿಲಕ ತುಕ್ಕು ಹಿಡಿದು ಅಲುಗಾಡಲೊಲ್ಲದು. ಬಾಗಿಲವರೆಗಿನ ಇಟ್ಟಿಗೆಯ ಹಾದಿಯಲ್ಲಿ ಒಂದು ಹೆಜ್ಜೆಯ ಗುರುತೂ ಇಲ್ಲದೆ ಪಾಚಿ ಬೆಳೆದಿತ್ತು. ಆಗಲಾದರೂ ಅವನು ಯೋಚಿಸಬೇಕಿತ್ತು. ನಗರದವನ ಬುದ್ಧಿ, ಬಾಗಿಲೆಂದರೆ ಮುಂದಿನದು ಎಂದೇ ಅವನ ಲೆಕ್ಕ. ಗಂಟೆಯ ಸರಿಗೆಯನ್ನು ಎಳೆದ. ಒಳಗೆ ಎಲ್ಲೋ ಆಳದಲ್ಲಿ ಅದು ಬಡಿದ ಸದ್ದಿಗೆ ಅವನೇ ಬೆಚ್ಚಿದ. ಒಳಗಡೆ ಪಾತ್ರೆಯೊಂದು ಬಿದ್ದು ಉರುಳಿತು. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಹೊರಡಲು ತಿರುಗುವ ಹೊತ್ತಿಗೆ ಮೇಲಿನ ಅಗುಳಿ ಸರಿಯಿತು, ಕೆಳಗಿನದು ಸರಿಯಿತು, ಉಬ್ಬಿ ಸಿಕ್ಕಿಕೊಂಡ ಬಾಗಿಲನ್ನು ಒಳಗಿನಿಂದ ಯಾರೋ ಎಳೆಯತೊಡಗಿದರು. ಸಹಾಯವಾಗಲಿ ಎಂದು ಅವನು ಹೊರಗಿನಿಂದ ಭುಜ ಕೊಟ್ಟು ತಳ್ಳಿದ. ಬಾಗಿಲು ಒಮ್ಮೆಲೇ ತೆರೆದುಕೊಂಡಿತು. ಎದುರಿಗೆ ಕುಳ್ಳಗಿನ ಮುದುಕಿ, ಒದ್ದೆ ಕೈಗಳನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡೇ ನಿಂತಿದ್ದಳು. ಪೊರೆ ಬಂದ ಕಣ್ಣುಗಳನ್ನು ಕಿರಿದು ಮಾಡಿ ಬೆಳಕಿಗೆ ಬೆನ್ನು ಮಾಡಿ ನಿಂತಿದ್ದ ಅವನನ್ನು ನೋಡಿದಳು. ದಾರಿಯುದ್ದಕ್ಕೂ ಅವನು ಕಟ್ಟಿಕೊಂಡು ಬಂದಿದ್ದ ಮಾತು, ನಾನು ಎವರ್ಟ್, ಎದುರು ಮನೆ ಕೊಳ್ಳುತ್ತಿರುವವನು, ಬಾಯಿಗೆ ಬರುವ ಮೊದಲೇ ಅವಳು ಕೇಳಿಬಿಟ್ಟಳು.

"ಮುಗೀತಾ?"

ಹಳ್ಳಿಯಲ್ಲಿ ಏನೂ ಮುಚ್ಚಿಡಲು ಆಗುವುದಿಲ್ಲವೆಂದು ಕೇಳಿದ್ದ. ಮನೆಯ ಮಾತು ಇವಳಿಗೂ ಗೊತ್ತು ಎಂದು ಅವನಿಗೆ ಹಗುರವಾಯಿತು. "ಮುಗೀತು ತಾಯಿ," ಎಂದ. "ಸಹಿ ಒಂದು ಬಾಕಿ ಇದೆ, ಸಂಜೆ ನಾಲ್ಕೂವರೆಗೆ."

"ನಾನೂ ಬರ್ಬೇಕಾ?"

"ಅಯ್ಯೋ, ನೀವ್ಯಾಕೆ ಬರ್ತೀರಿ? ಅದೆಲ್ಲ ನಾನು ನೋಡ್ಕೋತೀನಿ."

ಅವಳ ಗಲ್ಲ ಅದುರಿತು. ವಯಸ್ಸಾದವರಿಗೆ ಹಾಗಾಗುವುದುಂಟು. "ಸಲೀಸಾಗಿ ಆಯ್ತಾ?" ಎಂದಳು.

"ತುಂಬಾ ಸಲೀಸು. ಒಂದು ಮಾತು ಗಲಾಟೆ ಇಲ್ಲ. ಇಷ್ಟು ಸುಲಭವಾಗಿ ಆಗುತ್ತೆ ಅಂತ ನಾವೇ ಅಂದ್ಕೊಂಡಿರ್ಲಿಲ್ಲ."

"ಅಷ್ಟಾದ್ರೂ ಆಯ್ತಲ್ಲ," ಎಂದಳು ಅವಳು. "ಅಷ್ಟು ದೂರದಿಂದ ಬಂದು ಹೇಳಿದ್ರಿ, ಉಪಕಾರ ಆಯ್ತು ಸ್ವಾಮಿ." ಬಾಗಿಲು ಮುಚ್ಚಿಕೊಂಡಿತು. ಕೆಳಗಿನ ಅಗುಳಿ, ಮೇಲಿನ ಅಗುಳಿ.

ಒಳಗೆ ಬನ್ನಿ ಎನ್ನಲಿಲ್ಲ, ಒಂದು ಲೋಟ ಕಾಫಿ ಎನ್ನಲಿಲ್ಲ. ಆದರೂ ಮಾತಾಡಿಸಿದ್ದಾಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಗೇಟಿನವರೆಗೆ ಬಂದವನು ಹಿಂತಿರುಗಿ ನೋಡಿದ. ಎಡಗಡೆಯ ಕಿಟಕಿಯ ಪರದೆ ಎಳೆಯುತ್ತಿದ್ದರು. ಆಮೇಲೆ ಬಲಗಡೆಯದು. ಆಮೇಲೆ ಮೇಲಿನ ಪುಟ್ಟ ಕಿಟಕಿಯದು. ಹಾಡುಹಗಲಿನ ಹನ್ನೊಂದೂ ಇಪ್ಪತ್ತಕ್ಕೆ ಯಾರಾದರೂ ಪರದೆ ಎಳೆಯುತ್ತಾರೆಯೇ? ಒಳಗೆ ಏನು ನಡೆಯುತ್ತದೆಂದು ಬೀದಿಯವರು ನೋಡಿದರೆ ನೋಡಲಿ ಎಂದು ಹಗಲಿರುಳು ತೆರೆದೇ ಇಡುವ ಜನ ನಾವು. ಅವನ ಕಿವಿ ಬಿಸಿಯಾಯಿತು. ಅವನ ಮುಖ ನೋಡಿದ ಮೇಲೆ ಮುಚ್ಚಿದ ಪರದೆ ಅದು. ಹೊರಗಿನವರೆಂದರೆ ಇವರಿಗೆ ಇಷ್ಟು ಅಸಹ್ಯವೇ, ಅಥವಾ ತನ್ನ ಮುಖದಲ್ಲೇ ಏನಾದರೂ ಕಾಣಿಸುತ್ತದೆಯೇ? ಕ್ವಾಸ್ಟ್ ಸತ್ತ ಮೇಲೆ ಕನ್ನಡಿಯಲ್ಲಿ ಮುಖ ಕ್ಷೌರ ಮಾಡಿಕೊಳ್ಳುವಾಗೆಲ್ಲ ಅವನು ಕಣ್ಣುಗಳನ್ನು ಬಿಟ್ಟು ಗಲ್ಲವನ್ನಷ್ಟೇ ನೋಡಿಕೊಳ್ಳುತ್ತಿದ್ದ. ಖಾಲಿ ಮನೆಗೆ ಮರಳಿ ಕೋಟನ್ನೂ ಹ್ಯಾಟನ್ನೂ ಮೊಳೆಗೆ ನೇತುಹಾಕಿ, ಸ್ವೆಟರಿನ ತೋಳು ಮಡಚಿ, ಒಂದೊಂದೇ ಕಿಟಕಿಯನ್ನು ಹಟದಿಂದ ಅಳೆಯತೊಡಗಿದ. ಅಳತೆಯನ್ನು ಗೋಡೆಯ ಮೇಲೆ ಉಗುರಿನಿಂದ ಗೀರಿದ. ಎದುರು ಮನೆಯ ಹಿತ್ತಿಲ ಕಡೆಗೆ ಸೈಕಲ್ಲಿನ ಮೇಲೆ ಒಬ್ಬ ಹೆಂಗಸು ಹೋದಳು, ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು. ಯಾರೂ ಮುಂದಿನ ಗೇಟಿನಿಂದ ಹೋಗಲಿಲ್ಲವೆಂಬುದನ್ನು ನೋಡಿದ, ಅದರಿಂದ ಏನೂ ತಿಳಿಯಲಿಲ್ಲ.

ಹನ್ನೆರಡೂ ಮುಕ್ಕಾಲು ಕಳೆದು ಒಂದು ಹೊಡೆಯುವ ಮುಂಚೆ ಹಿಂಬಾಗಿಲು ತಾನಾಗಿ ತೆರೆದುಕೊಂಡಿತು. ಮರದ ಮೆಟ್ಟುಗಳನ್ನು ಹೊರಗೆ ಬಿಟ್ಟು, ಬೂದು ಕಾಲುಚೀಲದಲ್ಲಿ ಒಬ್ಬ ದಪ್ಪ ಮನುಷ್ಯ ಅಡುಗೆಮನೆಯ ನಡುವೆ ಬಂದು ನಿಂತು ಟೋಪಿ ತೆಗೆದ. ತಟ್ಟಲಿಲ್ಲ, ಕೂಗಲಿಲ್ಲ.

"ಕೋಲ್ಥೋಫನ ಮನೆ ತಗೊಂಡವ್ರು ನೀವೇ ತಾನೇ? ನಾನು ಗ್ರಾದುಸ್, ಆ ಮರದ ಸಾಲಿನ ಆಚೆ ಮನೆ. ಬನ್ನಿ, ಹೊರಡಿ. ಬೆರೆಂಡ್ ಹೋಗ್ಬಿಟ್ಟ."

"ಯಾರು?"

"ಬೆರೆಂಡ್! ಎದುರುಮನೆ ದೀನಕ್ಕನ ಗಂಡ. ಹೊಟ್ಟೆ ಆಪರೇಷನ್ ಅಂತ ಪೇಟೆ ಆಸ್ಪತ್ರೇಲಿದ್ದ. ಚೆನ್ನಾಗೇ ಆಗಿದ್ದ, ಮುಂದಿನ ವಾರ ಮನೆಗೆ ಬರೋನು. ಏನ್ಮಾಡೋದು ಹೇಳಿ. ಈ ಮನೇಲಿರೋರೇ ಅವ್ರಿಗೆ ಮೊದಲ ನೆರೆಯೋರು. ಸಾವಾದ್ರೆ ಮನೆಯೋರು ಒಂದು ಕಡ್ಡಿ ಎತ್ತಂಗಿಲ್ಲ, ಎಲ್ಲಾ ಮೊದಲ ನೆರೆಯೋನೇ ನೋಡ್ಕೋಬೇಕು. ಕೋಲ್ಥೋಫ್ ಇದ್ದಿದ್ರೆ ಅವ್ನು ಮಾಡೋನು. ಈಗ ನೀವು."

ಎವರ್ಟನ ಎದೆಯೊಳಗೆ ಏನೋ ಬೆಚ್ಚಗಾಯಿತು, ನಾಚಿಕೆಯಾಗುವಷ್ಟು. ಬೇಡಿಕೊಂಡದ್ದು ಇಷ್ಟು ಬೇಗ ಬಾಗಿಲಿಗೆ ಬರುತ್ತದೆಯೇ? "ಬರ್ತೀನಿ, ಬರ್ತೀನಿ," ಎಂದ. "ಯಾವಾಗ ಹೋದ್ರು?"

"ಬೆಳಗ್ಗೆ. ಆಸ್ಪತ್ರೆ ಕಡೆಯೋನೊಬ್ಬ ಬಂದಿದ್ನಂತೆ ಹೇಳಕ್ಕೆ. ಕರೀ ಕೋಟು, ಕರೀ ಹ್ಯಾಟು, ಕೈಯಲ್ಲೊಂದು ಚೀಲ. ಸೀದಾ ಮುಂಬಾಗಿಲಿಗೇ ಬಂದು ಗಂಟೆ ಹೊಡೆದ್ನಂತೆ. ದೀನಕ್ಕಂಗೆ ಗಂಟೆ ಕೇಳಿದ್ ತಕ್ಷಣ ಗೊತ್ತಾಯ್ತು. ನಮ್ ಕಡೆ ಮುಂಬಾಗಿಲು ತೆಗೆಯೋದು ಮದುಮಗಳು ಬರೋವಾಗ, ಇಲ್ಲಾ ಹೆಣ ಹೋಗೋವಾಗ. ಬೇರೆ ಯಾರು ಬರ್ತಾರೆ ಆ ಬಾಗಿಲಿಗೆ?"

ಮೊಳೆಗೆ ನೇತುಹಾಕಿದ ಕೋಟು ಪಕ್ಕದ ಕೋಣೆಯಲ್ಲಿತ್ತು. ಗ್ರಾದುಸ್ ನಿಂತಲ್ಲಿಂದ ಕಾಣುತ್ತಿರಲಿಲ್ಲ. ಎವರ್ಟನಿಗೆ ಎಲ್ಲವೂ ಒಂದೇ ಕ್ಷಣದಲ್ಲಿ ತಿಳಿಯಿತು. ಈಗಲೇ ಹೇಳಬೇಕು. ಅದು ನಾನು, ಮನೆ ವಿಷಯ ಹೇಳಿದ್ದು, ನಿಮ್ಮ ಬೆರೆಂಡ್ ಬದುಕಿದ್ದಾನೆ. ಮೂರು ಮಾತು. ಇವನು ನಕ್ಕುಬಿಡಬಹುದು, ಅಥವಾ ಕಪಾಳಕ್ಕೆ ಬಿಗಿಯಬಹುದು. ಆದರೆ ಗ್ರಾದುಸ್ ಆಗಲೇ ಹಿಂತಿರುಗಿ ಮೆಟ್ಟುಗಳಿಗೆ ಕಾಲು ತೂರಿಸುತ್ತಾ ಮಾತಾಡುತ್ತಿದ್ದ. "ನಾಲ್ಕೂವರೆಗೆ ಕಾಗದಕ್ಕೆ ಸಹಿ ಆಗ್ಬೇಕಂತೆ, ಅಲ್ಲೀವರೆಗೆ ಹೆಣ ಬಿಡಲ್ವಂತೆ. ಬೇಕರಿಯೋನ ವ್ಯಾನ್ ಹೇಳಿದೀನಿ, ಆ ಹೊತ್ತಿಗೆ ಹೋಗಿ ತರೋಣ." ಹೆಂಗಸರ ಮುಂದೆ, ಇಡೀ ಊರಿನ ಮುಂದೆ ಬೇಡ, ಹೋಗಿ ಆ ಮುದುಕಿಗೊಬ್ಬಳಿಗೇ ಮೆಲ್ಲಗೆ ಹೇಳಿದರಾಯಿತು ಎಂದು ಎವರ್ಟ್ ಯೋಚಿಸಿದ. ಅವಳ ಸಂತೋಷವೇ ತನ್ನ ತಪ್ಪನ್ನು ನುಂಗಿಬಿಡುತ್ತದೆ. ಅದು ಒಳ್ಳೆಯ ಯೋಚನೆ ಎನ್ನಿಸಿತು. ಕೋಟನ್ನು ಅಲ್ಲಿಯೇ ಬಿಟ್ಟು ಸ್ವೆಟರಿನಲ್ಲೇ ಗ್ರಾದುಸನ ಹಿಂದೆ ನಡೆದ.

ದೀನಾಳ ಅಡುಗೆಮನೆ ಹಿಂಬಾಗಿಲಿನಿಂದ ರಸ್ತೆಯ ಕಡೆಯ ಕಿಟಕಿಯವರೆಗೂ ಉದ್ದವಾಗಿತ್ತು. ಪರದೆ ಎಳೆದ ಕೋಣೆಯಲ್ಲಿ ನಾಲ್ಕು ಮಂದಿ ಹೆಂಗಸರು, ಕಾಫಿಯ ಹಬೆ, ಯಾರೋ ಆಗಲೇ ತಂದಿಟ್ಟ ಒಣದ್ರಾಕ್ಷಿಯ ಬ್ರೆಡ್ಡು. ಗೋಡೆಗಡಿಯಾರ ಹನ್ನೊಂದೂ ಇಪ್ಪತ್ತಕ್ಕೆ ನಿಂತಿತ್ತು. ಸಾವಾದ ಮನೆಯಲ್ಲಿ ಪರದೆ ಎಳೆದು ಗಡಿಯಾರ ನಿಲ್ಲಿಸುವುದು ಪದ್ಧತಿ, ದೀನಾಳೇ ಕುರ್ಚಿ ಹತ್ತಿ ಲೋಲಕ ಹಿಡಿದು ನಿಲ್ಲಿಸಿದಳೆಂದು ಒಬ್ಬಳು ಹೇಳಿದಳು. ದೀನಾ ಕಪ್ಪುಡುಗೆಯಲ್ಲಿ ಮೇಜಿನ ತುದಿಯಲ್ಲಿ ಕೂತಿದ್ದಳು. ಅವನು ಹತ್ತಿರ ಹೋದಾಗ ಅವನ ಎರಡೂ ಕೈ ಹಿಡಿದುಕೊಂಡು ಮುಖ ಎತ್ತಿ ನೋಡಿದಳು. ಗುರುತು ಹಿಡಿದರೆ ಸಾಕು, ಬಾಯಿ ತೆರೆಯುವ ಕಷ್ಟ ತಪ್ಪುತ್ತದೆ. ಅವಳು ಗುರುತು ಹಿಡಿಯಲಿಲ್ಲ.

"ಇನ್ನೂ ಸಾಮಾನೂ ಇಳಿಸಿಲ್ಲ, ಆಗ್ಲೇ ನಿಮಗೆ ಈ ಕೆಲಸ ಬಂತಲ್ಲಪ್ಪ," ಎಂದಳು. "ಒಂದೇ ಸಮಾಧಾನ ಏನಂದ್ರೆ, ಒದ್ದಾಡ್ಲಿಲ್ಲವಂತೆ. ತುಂಬಾ ಸಲೀಸು ಅಂದ ಆ ಪುಣ್ಯಾತ್ಮ."

"ಅಮ್ಮ, ನಿಮ್ಮ ಹತ್ರ ಒಂದು ಮಾತು..."

"ಹೇಳಿ."

ನಾಲ್ವರು ಹೆಂಗಸರೂ ತಲೆಯೆತ್ತಿದರು. ಗ್ರಾದುಸ್ ಬಾಗಿಲಿಗೆ ಒರಗಿ ಪೈಪು ತುಂಬುತ್ತಿದ್ದವನು ಕೈ ನಿಲ್ಲಿಸಿದ. ಎವರ್ಟನಿಗೆ ಕಚೇರಿಯ ದಿನವೊಂದು ನೆನಪಾಯಿತು. ಹೊಸ ವೇಳಾಪಟ್ಟಿಯಲ್ಲಿ ಒಂದು ಟ್ರಾಮನ್ನು ಅವನು ಬಿಟ್ಟೇಬಿಟ್ಟಿದ್ದ, ಬೆಳಗಿನ ಚಳಿಯಲ್ಲಿ ನೂರಾರು ಜನ ಬಾರದ ಟ್ರಾಮಿಗೆ ಕಾದರು. ಮೇಲಿನವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಯಾರು ಎಂದು ಕೇಳಿದಾಗ ಪಕ್ಕದ ಮೇಜಿನ ಹುಚ್ಚು ಪ್ರಾಮಾಣಿಕ ಗುಮಾಸ್ತ ತಪ್ಪು ತನ್ನದೇ ಇರಬಹುದೆಂದು ಒಪ್ಪಿಕೊಂಡುಬಿಟ್ಟ. ಎವರ್ಟ್ ಅವನಿಗೆ ಮಧ್ಯಾಹ್ನ ಕಾಫಿ ಕೊಡಿಸಿದ್ದ. "ನಾನು... ನನಗೆ ತುಂಬಾ ದುಃಖ ಆಯ್ತು," ಎಂದ.

"ಆಗ್ದೇ ಇರುತ್ತಾ?" ಎಂದಳು ದೀನಾ, ಅವನ ಕೈ ತಟ್ಟಿದಳು. ಯಾರೋ ಅವನ ಮುಂದೆ ಕಾಫಿ ಇಟ್ಟರು.

ಗಡಿಯಾರ ನಿಂತಿದ್ದರಿಂದ ಆ ಕೋಣೆಯಲ್ಲಿ ಹೊತ್ತು ಗೊತ್ತಿದ್ದವನು ಅವನೊಬ್ಬನೇ. ಕೈಗಡಿಯಾರ ಒಂದೂ ಇಪ್ಪತ್ತೆಂಟು ತೋರಿಸುತ್ತಿತ್ತು. ಹೊಟ್ಟೆಪಾಡಿನ ವಿದ್ಯೆ, ಬರುವಾಗಲೇ ನಿಲ್ದಾಣದ ಹಲಗೆ ಓದಿಕೊಂಡಿದ್ದ. ಪೇಟೆಗೆ ಹೋಗುವ ಬಸ್ಸು ಒಂದೂ ಮೂವತ್ತೈದಕ್ಕೆ, ಅದು ಬಿಟ್ಟರೆ ಸಂಜೆಯವರೆಗೆ ಇಲ್ಲ. ಆಸ್ಪತ್ರೆಯಲ್ಲಿ ಒಳಗೆ ಬಿಡುವುದು ಮೂರರಿಂದ ನಾಲ್ಕರವರೆಗೆ ಎಂದು ಹೆಂಗಸರು ಆಗಲೇ ಮಾತಾಡಿಕೊಂಡಿದ್ದರು; ದೀನಾ ಹನ್ನೊಂದು ದಿನದಿಂದ ಒಂದು ದಿನವೂ ತಪ್ಪಿಸದೆ ಆ ಬಸ್ಸು ಹತ್ತಿ ಹೋಗುತ್ತಿದ್ದಳಂತೆ. ಒಂದೂ ಮೂವತ್ತರವರೆಗೆ ಕಾಯುತ್ತೇನೆ, ಆಗ ಹೇಳಿಬಿಡುತ್ತೇನೆ ಎಂದು ಲೆಕ್ಕ ಹಾಕಿದ. ಮೂವತ್ತಾಯಿತು. ಲೋಟದ ತಳದಲ್ಲಿ ಸಕ್ಕರೆ ಕರಗದೆ ಉಳಿದಿತ್ತು, ಅದನ್ನು ಚಮಚದಿಂದ ತಿರುಗಿಸಿದ. ಮೂವತ್ತಮೂರಾಯಿತು. ಮಾತು ಗಂಟಲವರೆಗೆ ಬಂತು. ಇಷ್ಟು ಹೊತ್ತು ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ ಏನು ಹೇಳುವುದು ಎಂಬ ಇನ್ನೊಂದು ಮಾತು ಅದರ ಮೇಲೆ ಬಂದು ಕೂತಿತು. ಒಂದು ನಿಮಿಷದ ತಪ್ಪಿಗೆ ಕ್ಷಮೆ ಸಿಗುತ್ತಿತ್ತು, ಈಗ ಅದು ಮುಕ್ಕಾಲು ಗಂಟೆಯ ತಪ್ಪು. ಪರದೆಯ ಆಚೆ ಬಸ್ಸು ನಿಂತ ಸದ್ದಾಯಿತು. ದೀನಾಳಿಗೂ ಕೇಳಿಸಿತು. ಅಭ್ಯಾಸದಿಂದ ಅರ್ಧ ಎದ್ದಳು.

"ಕೂತ್ಕೋ ದೀನಾ," ಎಂದಳು ಪಕ್ಕದ ಹೆಂಗಸು. "ಇವತ್ತಿಂದ ಆ ಬಸ್ಸು ನಿನ್ನದಲ್ಲ."

ದೀನಾ ಕೂತಳು. ಬಟ್ಟೆ ಸುತ್ತಿದ ಒಂದು ಡಬ್ಬಿ ಮೇಜಿನ ತುದಿಯಲ್ಲಿತ್ತು, ಅದನ್ನು ಆಚೆ ತಳ್ಳಿದಳು. ಮಜ್ಜಿಗೆ ಗಂಜಿ, ಬೆರೆಂಡನಿಗೆ ಅದೊಂದೇ ರುಚಿಸುತ್ತಿತ್ತು ಎಂದಳು. ಬಸ್ಸು ಹೊರಟುಹೋಯಿತು.

ಆಮೇಲಿನದು ಸುಲಭವಾಗಿತ್ತು, ಅದೇ ಭಯಂಕರ. ಮೊದಲ ನೆರೆಯವನು ಸುತ್ತಲ ಹತ್ತು ಮನೆಗೆ ಸಾವು ಹೇಳಿ ಬರಬೇಕು. ಗ್ರಾದುಸ್ ದಾರಿ ತೋರಿಸಿದ, ಬಾಯಿ ಎವರ್ಟನದು. ಪ್ರತಿ ಮನೆಯಲ್ಲೂ ಹಿಂಬಾಗಿಲು, ಪ್ರತಿ ಮನೆಯಲ್ಲೂ ಟೋಪಿ ತೆಗೆಯುವ ಗಂಡಸು, ಕೈ ಬಾಯಿಗೆ ಹೋಗುವ ಹೆಂಗಸು. "ಬೆರೆಂಡ್ ತೀರಿಕೊಂಡ್ರು, ದೀನಮ್ಮ ಹೇಳಿ ಕಳಿಸಿದ್ದಾರೆ," ಎಂದು ಅವನು ಹೇಳಬೇಕು. ಮೊದಲ ಮನೆಯಲ್ಲಿ ಧ್ವನಿ ಒಡೆಯಿತು. ನಾಲ್ಕನೆಯ ಮನೆಯ ಹೊತ್ತಿಗೆ ಮಾತು ಸರಾಗವಾಗಿ ಬಂತು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕಣ್ಣು ತಗ್ಗಿಸಬೇಕು ಎಂದು ತಿಳಿಯಿತು. ಒಳ್ಳೆಯ ಮನುಷ್ಯ ಸಿಕ್ಕಿದ್ದಾನೆ ಎಂದು ಗ್ರಾದುಸ್ ಅವನೆದುರೇ ಯಾರಿಗೋ ಹೇಳಿದ. ಉತ್ತ ಹೊಲದ ಬದಿಯಲ್ಲಿ ನಡೆಯುತ್ತಾ ಎವರ್ಟ್ ಗಡಿಯಾರ ನೋಡಿಕೊಂಡ. ಮೂರು ಗಂಟೆ. ಈಗ ಅಲ್ಲಿ ಬಾಗಿಲು ತೆರೆದಿರುತ್ತಾರೆ. ಬೆರೆಂಡನ ಮುಖ ಅವನು ಕಂಡವನಲ್ಲ. ಹಾಗಾಗಿ ಕ್ವಾಸ್ಟನ ಮುಖವೇ ಬಿಳಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿತು. ಬಾಗಿಲ ಕಡೆಗೆ ನೋಡುತ್ತಿತ್ತು. ಸಂಜೆ ವ್ಯಾನು ಹೋದಾಗ ಬೆರೆಂಡ್ ಬದುಕಿರುವುದು ತಾನಾಗಿ ಗೊತ್ತಾಗುತ್ತದೆ, ಎಲ್ಲರೂ ನಕ್ಕು ಅತ್ತು ಕುಡಿದು ಮರೆಯುತ್ತಾರೆ, ಆ ಕರೀ ಕೋಟಿನವನು ಯಾರೋ ತಲೆಕೆಟ್ಟವನೆಂದು ಬೈದು ಸುಮ್ಮನಾಗುತ್ತಾರೆ, ಕೋಟನ್ನು ಒಲೆಗೆ ಹಾಕಿದರಾಯಿತು. ಹೀಗೆ ಯೋಚಿಸುತ್ತ ಹೋದಂತೆ ಅವನಿಗೆ ಸ್ವಲ್ಪ ಹಸಿವೂ ಆಯಿತು. ಎಂಟನೆಯ ಮನೆಯಲ್ಲಿ ಕೊಟ್ಟ ಬ್ರೆಡ್ಡನ್ನು ತಿಂದ. ಮನುಷ್ಯ ಎಷ್ಟು ನೀಚನಾದರೂ ಅವನ ಹೊಟ್ಟೆ ತನ್ನ ಪಾಡಿಗೆ ಇರುತ್ತದೆ.

ನಾಲ್ಕು ಗಂಟೆಗೆ ಅವರು ದೀನಾಳ ಅಡುಗೆಮನೆಗೆ ಮರಳಿದರು. ಹತ್ತು ಮನೆಯವರೂ ಬಂದು ಸೇರಿದ್ದರು, ಕೂರಲು ಜಾಗವಿರಲಿಲ್ಲ. ಆಗಲೇ ದಿನಸಿ ಅಂಗಡಿಯ ರೀಕಿ ಸೈಕಲ್ಲನ್ನು ಗೋಡೆಗೆ ಎಸೆದು ಏದುಸಿರು ಬಿಡುತ್ತಾ ಒಳಗೆ ಬಂದಳು. ಆ ಬೀದಿಯಲ್ಲಿ ಟೆಲಿಫೋನು ಇದ್ದದ್ದು ಅವಳ ಅಂಗಡಿಯಲ್ಲಿ ಮಾತ್ರ.

"ದೀನಕ್ಕ, ಆಸ್ಪತ್ರೆಯಿಂದ ಫೋನು. ಬೆರೆಂಡಣ್ಣ ಹೋದ್ರು ಅಂತ ಈಗ ಹೇಳ್ತವ್ರೆ! ಬೆಳಗ್ಗೇನೇ ಗೊತ್ತು ಕಣಮ್ಮ ಅಂದೆ. ಆ ನರ್ಸಮ್ಮ, ಯಾರು ಹೇಳಿದ್ದು, ಈಗ ಮೂರೂ ನಲವತ್ತಕ್ಕಲ್ವಾ ಹೋಗಿದ್ದು, ಅಂತಾಳೆ."

ರೀಕಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಮುಂದುವರಿಸಿದಳು.

"ಮಧ್ಯಾಹ್ನ ಊಟ ಮಾಡಿದ್ರಂತೆ. ಮೂರು ಗಂಟೆಗೆ ತಲೆ ಬಾಚಿಸ್ಕೊಂಡು ಕುರ್ಚೀಲಿ ಕೂತಿದ್ರಂತೆ. ದೀನಾ ಯಾಕೆ ಬರ್ಲಿಲ್ಲ, ಬಸ್ಸು ಕೆಟ್ಟಿರ್ಬೇಕು, ಅಂತ ಅಂತಾನೇ ಇದ್ರಂತೆ. ಆಮೇಲೆ ನೋಡಿಬರ್ತೀನಿ ಅಂತ ಎದ್ದು ಬಾಗಿಲವರೆಗೆ ಹೋದ್ರಂತೆ. ಅಲ್ಲೇ..." ರೀಕಿ ಮುಂದೆ ಹೇಳಲಾರದೆ ಕೈಯ ಹಿಂಬದಿಯಿಂದ ಮೂಗು ಒರೆಸಿಕೊಂಡಳು.

ದೀನಾ ಅಳಲಿಲ್ಲ. ಮೇಜಿನ ಮೇಲಿನ ಡಬ್ಬಿಯನ್ನೇ ನೋಡುತ್ತಾ ಕೇಳಿದಳು. "ಹಂಗಾದ್ರೆ ಬೆಳಗ್ಗೆ ಬಂದವ್ನು ಯಾರು?"

ಗಂಡಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಪೋಲೀಸರಿಗೆ ಹೇಳಬೇಕು ಎಂದ ಒಬ್ಬ. ಸಿಕ್ಕಿದರೆ ಕಾಲು ಮುರಿಯುತ್ತೇನೆ ಎಂದ ಇನ್ನೊಬ್ಬ. ಎವರ್ಟ್ ತನ್ನ ಬಾಯಿ 'ಇಲ್ಲವಲ್ಲ' ಎಂದು ಹೇಳಲು ಸಿದ್ಧವಾಗುತ್ತಿರುವುದನ್ನು ಸ್ಪಷ್ಟವಾಗಿ ಕಂಡ, ನಾಲಗೆ ಹಲ್ಲಿನ ಹಿಂದೆ ಹೋಗಿ ಕೂತಿತ್ತು. ಯಾರೂ ಅವನನ್ನು ಕೇಳಿರಲಿಲ್ಲ. ಕೇಳುವವರೂ ಇರಲಿಲ್ಲ. ಸುಮ್ಮನಿದ್ದರೆ ಅವನು ಪಾರಾದಂತೆಯೇ. ಆಗ ಎಲ್ಲಿಂದಲೋ, ಅವನಿಗೆ ಗುರುತಿಲ್ಲದ ಒಂದು ಧ್ವನಿ ಕೇಳಿಸಿತು.

"ನಾನು," ಎಂದಿತು ಅದು. "ಮನೆ ತಗೊಂಡಿದ್ದು ಮುಗೀತಾ ಅಂತ ಕೇಳ್ತಿದೀರಿ ಅಂದ್ಕೊಂಡೆ."

ಹೇಳಿದ ಮೇಲೆ ಹಗುರವಾಗುತ್ತದೆಂದು ಕೇಳಿದ್ದ. ಆಗಲಿಲ್ಲ. ದೀನಾ ಎದ್ದು ಅವನ ಹತ್ತಿರ ಬಂದಳು, ತೀರಾ ಹತ್ತಿರ, ಪೊರೆ ಬಂದ ಕಣ್ಣಿಗೆ ಅಷ್ಟು ಬೇಕಿತ್ತು. ಅವನ ಸ್ವೆಟರಿನ ತೋಳನ್ನು ಮುಟ್ಟಿ ನೋಡಿದಳು.

"ತಪ್ಪು ತಿಳ್ಕೊಂಡೆ ನಾನು," ಎಂದಳು. "ಅದು ನನ್ನ ತಪ್ಪು. ಆದ್ರೆ ನೀವು ಇಲ್ಲಿ ಬಂದು ಕೂತಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಬಸ್ಸು ಇನ್ನೂ ಬಂದಿರ್ಲಿಲ್ಲ."

"ಇಲ್ಲ."

ಅವಳು ತಲೆಯಾಡಿಸಿದಳು, ಅಂಗಡಿಯಲ್ಲಿ ಚಿಲ್ಲರೆ ಸರಿಯಿದೆ ಎಂದು ಒಪ್ಪಿಕೊಳ್ಳುವವರ ಹಾಗೆ. ಬೈಯಲಿ, ಉಗಿಯಲಿ, ಯಾರಾದರೂ ಕೈ ಎತ್ತಲಿ ಎಂದು ಎವರ್ಟ್ ಮನಸ್ಸಿನಲ್ಲೇ ಬೇಡಿಕೊಂಡ. ಏನೂ ಆಗದಿದ್ದಾಗ ತಾನೇ ಹೇಳಿದ. "ನಾನು ಆ ಮನೆ ತಗೊಳ್ಳಲ್ಲ ಅಮ್ಮ. ಈಗಲೇ ಹೋಗಿ ಬೇಡ ಅಂತೀನಿ. ನಿಮಗೆ ಮತ್ತೆ ಮುಖ ತೋರಿಸಲ್ಲ."

"ತಗೋಬೇಕು," ಎಂದಳು ದೀನಾ.

ಧ್ವನಿ ಏರಿಸಿರಲಿಲ್ಲ. ರಸ್ತೆಯ ಕಡೆಯ ಕಿಟಕಿಯ ಹತ್ತಿರ ಹೋಗಿ ಪರದೆಯನ್ನು ಒಂದು ಗೇಣು ಸರಿಸಿದಳು. ಎದುರಿಗೆ ಕೋಲ್ಥೋಫನ ಮನೆ, ಬರಿಯ ಕಿಟಕಿಗಳು. "ಎಲ್ಲಿಗೆ ಹೋಗ್ತೀರಿ? ಬೇರೆ ಯಾರಾದ್ರೂ ಬಂದ್ರೆ ನಾನು ಯಾರನ್ನ ನೋಡ್ಕೊಂಡು ಕೂರ್ಲಿ? ಅಲ್ಲೇ ಇರ್ಬೇಕು ನೀವು. ದಿನಾ ಬೆಳಗ್ಗೆ ಎದ್ದು ಇಲ್ಲಿಂದ ನಿಮ್ಮನ್ನ ನೋಡ್ಬೇಕು ನಾನು. ನೀವೂ ನನ್ನನ್ನ ನೋಡ್ಬೇಕು. ನಿಮ್ಮ ಹೆಂಡತಿ ಏನಾದ್ರೂ ಕೊಡೋಕೆ ಬಂದ್ರೆ ತಗೋತೀನಿ, ಅವಳ ಜೊತೆ ಮಾತಾಡ್ತೀನಿ. ಬೆರೆಂಡನ ಮೈ ತೊಳೆಯೋದು ಮೊದಲ ನೆರೆಯೋನ ಕೆಲಸ. ವ್ಯಾನ್ ಆರು ಗಂಟೆಗೆ ಅವನನ್ನ ತಗೊಂಡು ಬರುತ್ತೆ. ಸಹಿ ಹಾಕಿ ಬನ್ನಿ." ಆಮೇಲೆ ತಿರುಗದೆಯೇ ಹೇಳಿದಳು, "ಗ್ರಾದುಸ್, ಇವ್ರನ್ನ ನೋಟರಿ ಹತ್ರ ಬಿಟ್ಟು ಬಾ. ದಾರಿ ತಪ್ಪದ ಹಾಗೆ."

ಜನ ಸರಿದು ದಾರಿ ಬಿಟ್ಟರು. ಯಾರ ಮೈಯೂ ಅವನಿಗೆ ತಾಗಲಿಲ್ಲ. ಗ್ರಾದುಸ್ ಮೊದಲು ಎದುರು ಮನೆಗೆ ಹೋಗಿ ಕೋಟು, ಹ್ಯಾಟು, ಚೀಲ ಎಲ್ಲವನ್ನೂ ತಂದ. ಚಿಕ್ಕವರಿಗೆ ತೊಡಿಸುವಂತೆ ಕೋಟನ್ನು ಬಿಡಿಸಿ ಹಿಡಿದು ಎವರ್ಟ್ ತೋಳು ತೂರಿಸುವವರೆಗೂ ನಿಂತ. ಚರ್ಚಿನ ಹಿಂದಿನ ನೋಟರಿಯ ಕಚೇರಿಯವರೆಗೆ ಪಕ್ಕಪಕ್ಕದಲ್ಲೇ ನಡೆದ. ಬೀದಿಯ ಎರಡೂ ಕಡೆ ಕಿಟಕಿಗಳಲ್ಲಿ ದೀಪ ಹಚ್ಚಿದ್ದರು, ಒಳಗಿನವರೆಲ್ಲ ಕಾಣಿಸುತ್ತಿದ್ದರು, ಒಳಗಿನವರಿಗೂ ಅವನು ಕಾಣಿಸುತ್ತಿದ್ದ. ಗ್ರಾದುಸ್ ಕಚೇರಿಯ ಮೆಟ್ಟಿಲ ಕೆಳಗೆ ಪೈಪು ಹಚ್ಚಿ ಕಾಯುತ್ತಾ ನಿಂತ.

ಹಾನೆಕೆ ಆಗಲೇ ಬಂದು ಕೂತಿದ್ದಳು. ಹೊಸದಾಗಿ ಕೂದಲು ಸುರುಳಿ ಮಾಡಿಸಿಕೊಂಡಿದ್ದಳು. ನೋಟರಿ ಕಾಗದಗಳನ್ನು ಜೋಡಿಸುವಾಗ ಅವಳು ಗಂಡನ ಕಡೆ ಬಾಗಿ ಪಿಸುಗುಟ್ಟಿದಳು.

"ಯಾಕೆ ಇಷ್ಟು ಬಿಳಿಚಿಕೊಂಡಿದೀಯ? ಪಕ್ಕದವರನ್ನ ಮಾತಾಡಿಸಿದೆಯಾ?"

"ಮಾತಾಡಿಸಿದೆ."

"ಏನಂದ್ರು?"

ನೋಟರಿ ಕೊನೆಯ ಹಾಳೆಯನ್ನು ಅವನ ಕಡೆಗೆ ತಿರುಗಿಸಿ ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದ.

"ನಾವು ಬರಲೇಬೇಕು ಅಂದ್ರು," ಎಂದ ಎವರ್ಟ್.

ಹಾನೆಕೆಯ ಮುಖ ಅರಳಿತು, ಮೇಜಿನ ಕೆಳಗೆ ಅವನ ಕೈ ಹಿಡಿದು ಒತ್ತಿದಳು. ಆ ಕೈಯನ್ನು ಬಿಡಿಸಿಕೊಂಡು ಅವನು ಸಹಿ ಹಾಕಿದ.